ಗುರುವಾರದ ಮೂಗು

ಸೊಲಾಂಜ್ ಬಾಟಲಿ ತೆಗೆದರೆ ಸದ್ದಾಗುವುದಿಲ್ಲ. ಶಾಂಪ್ರೋ ಊರಿನ ‘ಮೂರು ಬಾತುಕೋಳಿ’ ಹೋಟೆಲಿನಲ್ಲಿ ಮೂವತ್ತೊಂದು ವರ್ಷದಿಂದ ವೈನು ಬಡಿಸುತ್ತಿರುವ ಹೆಂಗಸು ಅವಳು. ಅಷ್ಟು ವರ್ಷದಲ್ಲಿ ಬೂಚು ಟಪ್ಪೆಂದದ್ದು ಎರಡೇ ಸಲವಂತೆ: ಒಮ್ಮೆ ಮದುವೆಯಾದ ವಾರ, ಇನ್ನೊಮ್ಮೆ ಗಂಡ ಬಿಟ್ಟುಹೋದ ವಾರ. ಎರಡು ಸಲವೂ ತಪ್ಪು ತನ್ನ ಕೈಯದೇ, ಬೂಚಿನದಲ್ಲ ಎಂದು ಅವಳೇ ಒಪ್ಪಿಕೊಳ್ಳುತ್ತಾಳೆ. ಟಪ್ಪೆನ್ನಿಸುವುದೆಲ್ಲ ಟೀವಿಯವರ ಚಟ, ಊಟಕ್ಕೆ ಕೂತವರ ಕಿವಿಯ ಪಕ್ಕ ಪಟಾಕಿ ಹೊಡೆಯುವುದು ಯಾವ ಸೀಮೆಯ ಮರ್ಯಾದೆ ಎಂಬುದು ಅವಳ ವಾದ.

ಅವಳು ಬಾಟಲಿ ತೆಗೆಯುವುದನ್ನು ನೋಡಲೆಂದೇ ಬರುವ ಜನ ಇದ್ದಾರೆ. ಮೊದಲು ಬಾಟಲಿಯನ್ನು ಮೊಣಕೈ ಮೇಲೆ ಕೂಸಿನ ಹಾಗೆ ಮಲಗಿಸಿಕೊಂಡು ಬಂದು, ವೈನು ಹೇಳಿದವನಿಗೆ ಲೇಬಲ್ ತೋರಿಸುತ್ತಾಳೆ. ಅವನೇ ಆ ಹೊತ್ತಿಗೆ ಮೇಜಿನ ಯಜಮಾನ. ಅವನು ತಲೆಯಾಡಿಸಿದ ಮೇಲೆ ಬಾಟಲಿಯ ಕತ್ತಿನ ತಗಡಿನ ಸುತ್ತ ಚಾಕುವಿನಿಂದ ಒಂದು ಗೆರೆ, ಬಾಯಿಗೆ ಬಟ್ಟೆಯಿಂದ ಒಂದು ಒರೆಸು, ಬೂಚಿನ ನಟ್ಟನಡುವೆ ತಿರುಪಿನ ಮೊನೆ. ಐದೇ ಸುತ್ತು. ಆರನೆಯದು ಹಾಕಿದರೆ ಬೂಚಿನ ತಳ ತೂತಾಗಿ ಪುಡಿ ಒಳಗೆ ಬೀಳುತ್ತದೆ. ಕೊನೆಯ ಚೂರನ್ನು ತಿರುಪಿನಿಂದ ಎಳೆಯದೆ, ಬೆರಳಲ್ಲೇ ಓರೆಮಾಡಿ ಬಿಡಿಸುತ್ತಾಳೆ. ಇಷ್ಟೆಲ್ಲ ಆಗುವಾಗ ಬಾಟಲಿ ಒಂದು ಚೂರೂ ತಿರುಗುವುದಿಲ್ಲ, ಲೇಬಲ್ ಯಜಮಾನನ ಮುಖವನ್ನೇ ನೋಡುತ್ತಿರುತ್ತದೆ. ಆಮೇಲೆ ಬೂಚನ್ನು ಮೂಗಿನ ಹತ್ತಿರ ತಂದು ಒಂದು ಕ್ಷಣ ಸುಮ್ಮನೆ ನಿಲ್ಲುತ್ತಾಳೆ. ಅವಳ ನಿಜವಾದ ಕೆಲಸ ನಡೆಯುವುದು ಆಗ.

ಬೂಚೆಂದರೆ ಮರದ ತೊಗಟೆ. ನೂರರಲ್ಲಿ ಒಂದೆರಡು ಒಳಗೇ ಕೆಟ್ಟಿರುತ್ತವೆ, ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ಅಂಥ ಬೂಚಿನ ಕೆಳಗೆ ವರ್ಷಗಟ್ಟಲೆ ಕೂತ ವೈನಿಗೆ ಮಳೆಯಲ್ಲಿ ನೆನೆದ ರಟ್ಟಿನ ವಾಸನೆ ಹತ್ತಿಬಿಡುತ್ತದೆ. ದ್ರಾಕ್ಷಿ ಬೆಳೆದವನ ತಪ್ಪಲ್ಲ, ಬಡಿಸಿದವಳ ತಪ್ಪಲ್ಲ, ಆದರೆ ಅತಿಥಿಯ ಮೂಗಿಗೆ ಬಡಿದರೆ ಇಬ್ಬರ ಮಾನವೂ ಹೋಯಿತು. ಮಿಕ್ಕವರು ಗ್ಲಾಸು ಅಲ್ಲಾಡಿಸಿ, ಮೂಗು ಮುಳುಗಿಸಿ, ಬಾಯಲ್ಲಿ ಹೊರಳಾಡಿಸಿ ‘ಇರಬಹುದೇನೋ’ ಎಂದು ಹುಬ್ಬೇರಿಸುತ್ತಾರೆ. ಸೊಲಾಂಜಳಿಗೆ ಒಂದು ಮೊಳ ದೂರದಿಂದಲೇ ಗೊತ್ತಾಗುತ್ತದೆ. ಬಾಟಲಿಯನ್ನು ಸದ್ದಿಲ್ಲದೆ ಒಳಗೊಯ್ದು ಇನ್ನೊಂದು ತರುತ್ತಾಳೆ, ಮೇಜಿನ ಮಾತು ನಿಲ್ಲುವುದೂ ಇಲ್ಲ.

ಈ ಮೂಗು ಹುಟ್ಟಿನಿಂದಲೇ ಬಂದದ್ದು. ಅವಳ ಅಪ್ಪ ಸೋನ್ ನದಿಯಾಚೆ ಕೋಳಿ, ಮೊಟ್ಟೆಯ ವ್ಯಾಪಾರಿ. ಏಳು ವರ್ಷದ ಸೊಲಾಂಜ್ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಡೆಯದೆಯೇ, ಕೆಟ್ಟ ಮೊಟ್ಟೆಯನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಸಂತೆಯವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಅಪ್ಪ ಅವಳನ್ನು ಊರೂರಿಗೆ ಕರೆದುಕೊಂಡು ಹೋಗುತ್ತಿದ್ದ, ಆದರೆ ನೆಗಡಿಯಾದ ದಿನ ಮನೆಯಲ್ಲೇ ಬಿಟ್ಟುಹೋಗುತ್ತಿದ್ದ. ಅಪ್ಪನಿಗೆ ಬೇಕಾದದ್ದು ಮಗಳೋ ಮೂಗೋ ಎಂಬ ಸಂಶಯ ಆಗ ಹುಟ್ಟಿದ್ದು ಇವತ್ತಿಗೂ ಪೂರ್ತಿ ಹೋಗಿಲ್ಲ. ಮುಂದೆ ಲಾರಿ ಓಡಿಸುವವನೊಬ್ಬನನ್ನು ಮದುವೆಯಾದಳು. ಒಂದು ಶನಿವಾರ ಅವನ ಅಂಗಿಯ ಕಾಲರಿನಲ್ಲಿ ಬೇರೆ ಮನೆಯ ಸೋಪಿನ ವಾಸನೆ ಬಂತು. ಕೇಳಿದಳು, ಅವನೂ ಒಪ್ಪಿಕೊಂಡು ಆ ಸೋಪಿನ ಮನೆಗೇ ಹೊರಟುಹೋದ. ಮೂಗು ಸ್ವಲ್ಪ ಮೊಂಡಾಗಿದ್ದರೆ ಇನ್ನೊಂದು ಹತ್ತು ವರ್ಷ ಸುಖವಾಗಿ ಸಂಸಾರ ಮಾಡುತ್ತಿದ್ದೆ ಎಂದು ಅವಳು ನಗುತ್ತಲೇ ಹೇಳುತ್ತಾಳೆ. ನಗು ನಿಜವಾದದ್ದೇ, ಆದರೆ ಆ ಮಾತು ಹೇಳಿ ಮುಗಿಸಿದ ಮೇಲೆ ಯಾವಾಗಲೂ ಏನಾದರೊಂದು ಕೆಲಸ ಹುಡುಕಿಕೊಂಡು ಒಳಗೆ ಹೋಗುತ್ತಾಳೆ.

ಹೀಗಿರುವಾಗ, ಅವಳ ಐವತ್ತಾರನೆಯ ವಯಸ್ಸಿನಲ್ಲಿ, ರೆಜೀಸ್ ಪೊನ್ಸೆ ಗುರುವಾರ ಗುರುವಾರ ಬರತೊಡಗಿದ.

ರೆಜೀಸನದು ಊರ ಮೇಲಿನ ಗುಡ್ಡದಲ್ಲಿ ಒಂದು ತುಂಡು ದ್ರಾಕ್ಷಿ ತೋಟ. ಬಿಳಿ ವೈನು ಮಾಡುತ್ತಾನೆ, ಅಜ್ಜನ ಕಾಲದಿಂದ ಅದೇ ಕಸುಬು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಮಾತು ಕಡಿಮೆ, ಹೆಜ್ಜೆ ನಿಧಾನ, ಸಿಟ್ಟು ಬಂದರೂ ಬಂದದ್ದು ಎದುರಿಗಿದ್ದವರಿಗೆ ಮರುದಿನ ಗೊತ್ತಾಗುವಂಥ ಮನುಷ್ಯ. ಹನ್ನೆರಡಕ್ಕೆ ಬಂದು ಒಬ್ಬನೇ ಊಟ ಮಾಡುತ್ತಿದ್ದ. ಎರಡೂವರೆಗೆ ಮೇಜುಗಳೆಲ್ಲ ಖಾಲಿಯಾದ ಮೇಲೆ ಚೀಲದಿಂದ ಲೇಬಲ್ ಇಲ್ಲದ ಒಂದು ಪುಟ್ಟ ಬಾಟಲಿ ತೆಗೆಯುತ್ತಿದ್ದ. ಪೀಪಾಯಿಯಿಂದ ಆ ಬೆಳಿಗ್ಗೆಯೇ ಹಿಡಿದುಕೊಂಡು ಬಂದ ವೈನು. ಸ್ವಲ್ಪ ಕುಡಿದು ನೋಡಿ, ಏನನ್ನಿಸುತ್ತದೆ ಹೇಳಿ ಎನ್ನುತ್ತಿದ್ದ.

ಸೊಲಾಂಜ್ ನಿಂತುಕೊಂಡೇ ಒಂದು ಗುಟುಕು ಕುಡಿದು ಹೇಳತೊಡಗುತ್ತಿದ್ದಳು. ಅವಳಿಗೆ ಪುಸ್ತಕದ ಮಾತು ಬರುವುದಿಲ್ಲ. ಇದು ಇನ್ನೂ ಮುನಿಸಿಕೊಂಡಿದೆ, ಈಸ್ಟರ್ ಹಬ್ಬದ ತನಕ ಮಾತಾಡಿಸಬೇಡಿ ಎನ್ನುತ್ತಿದ್ದಳು. ಇದರಲ್ಲಿ ಸುಣ್ಣ ಬಳಿದ ಗೋಡೆಗೆ ಮೊದಲ ಮಳೆ ಬಿದ್ದ ಹಾಗಿದೆ, ಹೀಗೇ ಇರಲಿ ಎನ್ನುತ್ತಿದ್ದಳು. ಇನ್ನೊಮ್ಮೆ, ಆ ಉತ್ತರದ ಮೂಲೆಯ ಪೀಪಾಯಿ ಹಳೆಯದಾಯಿತು, ಬದಲಾಯಿಸಿ ಎನ್ನುತ್ತಿದ್ದಳು. ಒಂದು ಸಲ ಅವಳ ಲಿಯೊನಿ ಚಿಕ್ಕಮ್ಮನ ನೆನಪೇ ಬಂದುಬಿಟ್ಟಿತು. ಚಿಕ್ಕಮ್ಮ ಬಟ್ಟೆಯ ಬೀರುವಿನಲ್ಲಿ, ಮಡಿಸಿದ ಹೊದಿಕೆಗಳ ನಡುವೆ ಸೇಬು ಬಚ್ಚಿಡುತ್ತಿದ್ದಳಂತೆ. ಆ ಬೀರುವಿನ ಬಾಗಿಲು ತೆಗೆದ ಹಾಗಿದೆ ಈ ವೈನು ಎಂದಳು. ರೆಜೀಸ್ ಎಲ್ಲವನ್ನೂ ಒಂದು ತುಂಡು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದ. ಆಮೇಲೆ, ಆಮೇಲೆ ಎಂದು ಕೇಳುತ್ತಿದ್ದ. ಇಷ್ಟು ವರ್ಷದ ಬದುಕಿನಲ್ಲಿ ಯಾರೂ ಅವಳನ್ನು ‘ಆಮೇಲೆ’ ಎಂದು ಕೇಳಿರಲಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ಹೋಟೆಲಿನ ಯಜಮಾನ, ಅಡುಗೆಯವ ಎರಡೂ ಆಗಿರುವ ಜಿಲ್ಬೆರ್ ಅಡುಗೆಮನೆಯ ಕಿಂಡಿಯಿಂದ ಎಲ್ಲ ನೋಡುತ್ತಿದ್ದ. ಸೊಲಾಂಜ್ ಕೂದಲಿಗೆ ಬಣ್ಣ ಹಾಕಿಸಿಕೊಂಡು ಬಂದ ದಿನ ಅವನು ಸಾರಿನ ಸೌಟು ಕೆಳಗಿಟ್ಟು ಅವಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

“ಏನಮ್ಮಾ, ಇವತ್ತು ಯಾವ ವಾರ?” ಎಂದು ಕೇಳಿದ.

“ನಿನ್ನ ಕೋಳಿ ಸೀದು ಹೋಗ್ತಿದೆ, ನೋಡ್ಕೋ.”

“ಕೋಳಿ ಬೇಯೋಕೆ ಒಂದು ಗಂಟೆ ಸಾಕು. ಆ ನಿನ್ನ ಪೊನ್ಸೆ ಎರಡು ವರ್ಷದಿಂದ ಒಲೆ ಮೇಲಿದ್ದಾನೆ, ಇನ್ನೂ ಕುದಿ ಬಂದಿಲ್ಲ.”

ಸೊಲಾಂಜ್ ಬಟ್ಟೆಯಿಂದ ಅವನಿಗೊಂದು ಏಟು ಕೊಟ್ಟು ಹೋದಳು. ಆದರೆ ಒಳಗೊಳಗೇ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಂದು ಗುರುವಾರ ಬೆಳಿಗ್ಗೆ ಸೆಂಟಿನ ಬಾಟಲಿಯನ್ನೂ ಕೈಗೆತ್ತಿಕೊಂಡಿದ್ದಳು. ವೈನು ಬಡಿಸುವವರು ಸೆಂಟು ಹಾಕುವಂತಿಲ್ಲ, ವೈನಿನ ವಾಸನೆ ಸತ್ತುಹೋಗುತ್ತದೆ. ಮೂವತ್ತೊಂದು ವರ್ಷದಲ್ಲಿ ಅವಳು ಒಂದು ಹನಿ ಹಚ್ಚಿಕೊಂಡಿರಲಿಲ್ಲ. ಅವತ್ತೂ ಹಚ್ಚಿಕೊಳ್ಳದೆ ವಾಪಸು ಇಟ್ಟಳು. ಈ ಮನುಷ್ಯ ಮೂಗಿಗಾಗಿ ಬರುತ್ತಿಲ್ಲ, ನನಗಾಗಿ ಬರುತ್ತಿದ್ದಾನೆ ಎಂಬ ನಂಬಿಕೆ ಮಾತ್ರ ವಾರದಿಂದ ವಾರಕ್ಕೆ ಗಟ್ಟಿಯಾಗುತ್ತಿತ್ತು. ಬಾಯಿಬಿಟ್ಟು ಹೇಳಲಿ ಎಂದು ಕಾಯುತ್ತಿದ್ದಳು.

ಮಾರ್ಚಿನ ಮೂರನೆಯ ಗುರುವಾರ ರೆಜೀಸ್ ಒಬ್ಬನೇ ಬರಲಿಲ್ಲ. ಲಿಯೋನ್ ನಗರದಿಂದ ಮದಾಂ ಬೆಸ್ನಾರ್ ಎಂಬಾಕೆ ಬಂದಿದ್ದರು. ಆಕೆ ಅಲ್ಲಿಯ ಒಂಬತ್ತು ಹೋಟೆಲುಗಳಿಗೆ ವೈನು ಆರಿಸಿ ತರಿಸುವವರು. ಆಕೆ ಹೂಂ ಎಂದರೆ ರೆಜೀಸನ ವೈನು ಮೊದಲ ಸಲ ನಮ್ಮ ತಾಲೂಕು ದಾಟುತ್ತದೆ, ಉಹೂಂ ಎಂದರೆ ಅದೇ ಊರು, ಅದೇ ನಾಲ್ಕು ಮೇಜು. ರೆಜೀಸ್ ಟೈ ಕಟ್ಟಿಕೊಂಡು, ಯಾರದೋ ಮದುವೆಗೆಂದು ಹೊಲಿಸಿದ ಕೋಟು ತೊಟ್ಟು ಬಂದಿದ್ದ. ತನ್ನ ವೈನಿನ ಮೂರು ಬಾಟಲಿಗಳನ್ನು ಮಂಗಳವಾರವೇ ತಂದು ಹೋಟೆಲಿನ ನೆಲಮಾಳಿಗೆಯಲ್ಲಿ ಇಟ್ಟಿದ್ದ. ಜಿಲ್ಬೆರ್ ನದಿ ಮೀನಿನ ಉಂಡೆ, ಕೆನೆಯಲ್ಲಿ ಬೇಯಿಸಿದ ಕೋಳಿ ಎಂದು ಬೆಳಗಿನಿಂದ ಒದ್ದಾಡುತ್ತಿದ್ದ.

ನಮ್ಮ ಕಡೆ ಒಂದು ಪದ್ಧತಿ ಉಂಟು. ದ್ರಾಕ್ಷಿ ಬೆಳೆಯುವವನು ತನ್ನೂರಿನ ಹೋಟೆಲಿನಲ್ಲಿ ತನ್ನದೇ ವೈನು ಹೇಳಿದರೆ, ಬಡಿಸುವವರು ಅದರ ಬೂಚು ಮೂಸುವಂತಿಲ್ಲ. ತೆಗೆದು ತಟ್ಟೆಯಲ್ಲಿ ಇಟ್ಟುಬಿಡಬೇಕು. ಅವನ ಮಗುವಿನ ಮೂತಿಯನ್ನು ಅವನೆದುರೇ ಮೂಸಿ ನೋಡಿದ ಹಾಗಾಗುತ್ತದೆ ಎಂದು ಹಳಬರು ಹೇಳುತ್ತಾರೆ. ಮೊದಲ ಗುಟುಕು ಅವನದು, ತೀರ್ಪೂ ಅವನದು. ಅವನು ಚೆನ್ನಾಗಿದೆ ಎಂದ ಮೇಲೆ ಬಡಿಸುವವರು ತುಟಿ ಪಿಟಕ್ಕೆನ್ನುವಂತಿಲ್ಲ. ಇದಕ್ಕಾಗಿ ಇಲ್ಲಿ ಜಗಳಗಳಾಗಿವೆ, ಎರಡು ಮನೆತನಗಳ ನಡುವೆ ಮಾತು ನಿಂತಿದೆ.

ಸೊಲಾಂಜ್ ಬಾಟಲಿ ತಂದು ರೆಜೀಸನಿಗೆ ಅವನದೇ ಹೆಸರಿನ ಲೇಬಲ್ ತೋರಿಸಿದಳು. ಈ ಮನೆತನದವರು ಗೊತ್ತೋ ನಿಮಗೆ ಎಂದು ಮೆಲ್ಲಗೆ ಚುಡಾಯಿಸಿದಳು, ಮದಾಂ ಬೆಸ್ನಾರ್ ನಕ್ಕರು. ಗೆರೆ, ಒರೆಸು, ಐದು ಸುತ್ತು. ಬೂಚು ಸದ್ದಿಲ್ಲದೆ ಬಂತು. ಪದ್ಧತಿಯಂತೆ ಮೂಸದೆ ತಟ್ಟೆಯಲ್ಲಿಟ್ಟಳು. ಆದರೆ ಅವಳ ಮೂಗಿಗೆ ಪದ್ಧತಿ ಗೊತ್ತಿರಬೇಕಲ್ಲ. ತಟ್ಟೆಯಿಂದ ಕೈ ತೆಗೆಯುವುದರೊಳಗೆ ವಾಸನೆ ಬಡಿಯಿತು. ನೆನೆದ ರಟ್ಟು, ಅದೂ ದಂಡಿಯಾಗಿ.

ಅವಳು ಗಾಬರಿಯಾಗಲಿಲ್ಲ. ಇಷ್ಟು ಕೆಟ್ಟಿದ್ದನ್ನು ಹಸುಗೂಸೂ ಹಿಡಿಯುತ್ತದೆ. ರೆಜೀಸ್ ಮೂಸಿದ ಕೂಡಲೇ ಗ್ಲಾಸು ಆಚೆ ತಳ್ಳಿ, ಬೂಚು ಕೆಟ್ಟಿದೆ, ಇನ್ನೊಂದು ತನ್ನಿ ಎನ್ನುತ್ತಾನೆ. ತನ್ನ ವೈನನ್ನು ತಾನೇ ಬೇಡವೆನ್ನುವ ಬೆಳೆಗಾರನ ಮೇಲೆ ಲಿಯೋನಿನವರಿಗೆ ಗೌರವವೇ ಹೆಚ್ಚಾಗುತ್ತದೆ. ಹೀಗೆ ಲೆಕ್ಕ ಹಾಕಿ ಅವನ ಗ್ಲಾಸಿಗೆ ಎರಡು ಬೆರಳಷ್ಟು ಸುರಿದಳು.

ರೆಜೀಸ್ ಗ್ಲಾಸು ತಿರುಗಿಸಿದ. ಮೂಗಿಟ್ಟ. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದ.

“ಚೆನ್ನಾಗಿದೆ,” ಎಂದ. “ಮೊದಲು ಮಳೆ ಬಿದ್ದ ಸುಣ್ಣದ ಗೋಡೆ. ಆಮೇಲೆ ಲಿಯೊನಿ ಚಿಕ್ಕಮ್ಮನ ಬೀರು. ಹೊದಿಕೆ ಮಧ್ಯೆ ಸೇಬು ಇಟ್ಟ ಹಾಗೆ.”

“ಅಬ್ಬ, ಎಷ್ಟು ಚೆನ್ನಾಗಿ ಹೇಳ್ತೀರಿ,” ಎಂದರು ಮದಾಂ ಬೆಸ್ನಾರ್. “ಲಿಯೊನಿ ಚಿಕ್ಕಮ್ಮ ನಿಮ್ಮ ತಂದೆ ಕಡೆಯವರೋ, ತಾಯಿ ಕಡೆಯವರೋ?”

ರೆಜೀಸ್ ಟೈ ಸರಿಮಾಡಿಕೊಂಡ. ಅವನಿಗೆ ಚಿಕ್ಕಮ್ಮಂದಿರೇ ಇಲ್ಲ ಎಂಬುದು ಇಡೀ ಶಾಂಪ್ರೋಗೆ ಗೊತ್ತು. “ನಮ್ಮ ಕಡೆಯವರು,” ಎಂದು ಹೇಗೋ ಮುಗಿಸಿದ.

ಬಾಟಲಿ ಹಿಡಿದು ನಿಂತಿದ್ದ ಸೊಲಾಂಜಳಿಗೆ ಎಲ್ಲ ಒಟ್ಟಿಗೇ ಅರ್ಥವಾಯಿತು. ಈ ಮನುಷ್ಯನಿಗೆ ಏನೂ ವಾಸನೆ ಬರುವುದಿಲ್ಲ. ಎರಡು ವರ್ಷದ ಹಿಂದೆ ಆ ಜ್ವರ ಮನೆಮನೆಗೆ ಬಂದು ಎಷ್ಟೋ ಜನರ ಮೂಗು ಕೊಂಡುಹೋಗಿತ್ತು. ಹೆಚ್ಚಿನವರಿಗೆ ವಾಪಸು ಬಂತು, ಇವನಿಗೆ ಬಂದಿಲ್ಲ. ಗುರುವಾರಗಳು ಶುರುವಾದದ್ದೂ ಆಗಲೇ. ಪುಟ್ಟ ಬಾಟಲಿ, ಕಾಗದದ ತುಂಡು, ಆಮೇಲೆ ಆಮೇಲೆ ಎಂದು ಕೇಳಿದ್ದು, ಎಲ್ಲವೂ ಅವಳ ಮೂಗಿಗಾಗಿ. ಅವಳು ಕೂದಲಿಗೆ ಬಣ್ಣ ಹಾಕಿಸಿಕೊಂಡು ನಿಂತದ್ದು ಮೊಟ್ಟೆಯ ಬುಟ್ಟಿಯ ಮುಂದೆಯೇ. ನಾಚಿಕೆಯಾಯಿತು, ಅಳು ಬಂತು, ಅವೆರಡಕ್ಕಿಂತ ಹೆಚ್ಚು ಸಿಟ್ಟು ಬಂತು. ಪದ್ಧತಿ ಹೇಗೂ ಅವಳ ಬೆನ್ನಿಗಿತ್ತು: ಮೇಜಿನ ಯಜಮಾನ ಚೆನ್ನಾಗಿದೆ ಎಂದಿದ್ದಾನೆ, ಅವಳು ಸುರಿಯಬೇಕು, ಅಷ್ಟೆ. ಅನುಭವಿಸಲಿ ಎಂದುಕೊಂಡು ಮದಾಂ ಬೆಸ್ನಾರರ ಗ್ಲಾಸಿಗೆ ಸುರಿದಳು.

ಮದಾಂ ಬೆಸ್ನಾರ್ ಗ್ಲಾಸನ್ನು ಮೂಗಿಗೆ ಒಯ್ದರು. ಹುಬ್ಬುಗಳ ನಡುವೆ ಒಂದು ಗೆರೆ ಮೂಡಿತು. ಇನ್ನೊಮ್ಮೆ ಮೂಸಿ, ರೆಜೀಸನ ಮುಖ ನೋಡಿದರು. ರೆಜೀಸ್ ಆಕೆಯ ಹುಬ್ಬು ನೋಡುತ್ತಿದ್ದ. ಏನೋ ಆಗಿದೆ ಎಂಬುದು ಅವನಿಗೆ ತಿಳಿಯಿತು, ಏನೆಂಬುದು ತಿಳಿಯಲಿಲ್ಲ. ಆ ಮುಖದಲ್ಲಿದ್ದ ಹೆದರಿಕೆಯನ್ನು ಸೊಲಾಂಜ್ ನೋಡಿಬಿಟ್ಟಳು. ಮೂಗಿಲ್ಲದ ಬೆಳೆಗಾರ ಎಂದು ಒಂದು ಸಲ ಹೊರಬಿದ್ದರೆ ಮುಗಿಯಿತು. ಲಿಯೋನ್ ಹಾಗಿರಲಿ, ನಾಳೆಯಿಂದ ಊರಿನವರೇ ಅವನ ವೈನನ್ನು ಅನುಮಾನದಿಂದ ಮುಟ್ಟುತ್ತಾರೆ, ಅವನನ್ನು ಕಂಡರೆ ಪಾಪ ಎನ್ನುತ್ತಾರೆ. ಅವನು ಸಿಕ್ಕಿಬೀಳುವುದನ್ನು ನಿಂತು ನೋಡಲು ಅವಳಿಂದ ಆಗಲಿಲ್ಲ.

“ಮದಾಂ, ಆ ಗ್ಲಾಸು ಇತ್ಲಾಗಿ ಕೊಡಿ,” ಎಂದಳು. “ತಪ್ಪು ನನ್ನದು. ಈ ಗ್ಲಾಸುಗಳು ಇವತ್ತು ಬೆಳಿಗ್ಗೆ ರಟ್ಟಿನ ಡಬ್ಬಿಯಿಂದ ತೆಗೆದವು. ತೊಳೀದೇ ಮೇಜಿಗೆ ಇಟ್ಬಿಟ್ಟೆ.”

ಮದಾಂ ಬೆಸ್ನಾರರ ಹುಬ್ಬು ಸಡಿಲವಾಯಿತು. “ರಟ್ಟು, ಹೌದು, ಅದೇ ರಟ್ಟು,” ಎಂದರು. “ನಾನು ಮೊಸಿಯೂ ಪೊನ್ಸೆ ಅವರ ವೈನನ್ನೇ ಅನುಮಾನಿಸಿಬಿಟ್ಟಿದ್ದೆ ನೋಡಿ.” ಆಮೇಲೆ ಸೊಲಾಂಜಳನ್ನು ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿದರು. ಇಂಥ ಹೋಟೆಲಿನಲ್ಲೂ ಇಂಥವರೇ ಎನ್ನುವಂಥ ನೋಟ ಅದು.

ಸೊಲಾಂಜ್ ಗ್ಲಾಸು, ಬೂಚು, ಬಾಟಲಿ ಎಲ್ಲವನ್ನೂ ಬಾಚಿಕೊಂಡು ಅಡುಗೆಮನೆಗೆ ಬಂದಳು. ಜಿಲ್ಬೆರ್ ಕಿಂಡಿಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ, ಮುಖ ಕೆಂಪಾಗಿತ್ತು. ನನ್ನ ಹೋಟೆಲಿನಲ್ಲಿ ತೊಳೆಯದ ಗ್ಲಾಸೇ, ಆ ಹೆಂಗಸು ಒಂಬತ್ತು ಹೋಟೆಲಿಗೆ ಹೋಗಿ ಸಾರುತ್ತಾಳೆ, ವಯಸ್ಸಾಯಿತು ಅಂದರೆ ಮನೆಯಲ್ಲಿ ಕೂತುಕೋ ಎಂದು ದನಿ ತಗ್ಗಿಸಿಯೇ ಬೈದ. ಇಷ್ಟು ವರ್ಷದಲ್ಲಿ ಅವನು ಅವಳನ್ನು ಬೈದದ್ದು ಅದೇ ಮೊದಲು. ಅವಳು ಕೆಟ್ಟ ವೈನನ್ನು ತೊಟ್ಟಿಗೆ ಸುರಿದು, ಬಿಸಿನೀರಿನ ನಲ್ಲಿ ಬಿಟ್ಟಳು. ಆಗ ಹಬೆಯೊಂದಿಗೆ ಆ ವಾಸನೆ ಜಿಲ್ಬೆರನ ಮೂಗಿಗೂ ಬಡಿದಿರಬೇಕು. ಅವನು ತೊಟ್ಟಿ ನೋಡಿದ, ಅವಳ ಮುಖ ನೋಡಿದ, ಕೋಳಿಯ ಕಡೆ ತಿರುಗಿದ.

ಎರಡನೆಯ ಬಾಟಲಿಯನ್ನು ಅವಳು ಅಡುಗೆಮನೆಯಲ್ಲೇ ತೆಗೆದಳು. ಪದ್ಧತಿ ಹಾಳಾಗಿ ಹೋಗಲಿ ಎಂದು ಬೂಚನ್ನು ಮೂಗಿಗೆ ಹಿಡಿದಳು. ಶುದ್ಧವಾಗಿತ್ತು. ಸುಣ್ಣದ ಗೋಡೆ, ಮಳೆ, ಚಿಕ್ಕಮ್ಮನ ಬೀರು, ಒಳಗೆ ಸೇಬು, ಎಲ್ಲ ಇದ್ದವು. ಇದನ್ನು ಮಾಡಿದವನಿಗೆ ಇದು ಯಾವುದೂ ಸಿಗುವುದಿಲ್ಲವಲ್ಲ ಎಂದುಕೊಂಡಳು. ಕಣ್ಣೊರೆಸಿಕೊಂಡು, ಹೊಸ ಗ್ಲಾಸುಗಳೊಂದಿಗೆ ಹೊರಗೆ ಹೋದಳು.

ಮಿಕ್ಕಿದ್ದೆಲ್ಲ ಸಲೀಸಾಗಿ ನಡೆಯಿತು. ಮದಾಂ ಬೆಸ್ನಾರ್ ಎರಡು ಗ್ಲಾಸು ಕುಡಿದು, ಮೂರನೆಯದನ್ನು ತಾವೇ ಕೇಳಿದರು. ನಿಮ್ಮ ಚಿಕ್ಕಮ್ಮನ ಬೀರು ನನಗೂ ಸಿಕ್ಕಿತು ಎಂದು ಮೇಜು ತಟ್ಟಿದರು. ಈ ವರ್ಷದ ವೈನಿನಲ್ಲಿ ಅರ್ಧ ತನಗಿರಲಿ ಎಂದು ಕೈಕುಲುಕಿ ಹೊರಟರು. ಹೋಗುವಾಗ ಬಾಗಿಲಲ್ಲಿ ಸೊಲಾಂಜಳ ಕಡೆ ತಿರುಗಿ, ಇನ್ನು ಮೇಲೆ ಗ್ಲಾಸು ತೊಳೆದು ಇಡಿ ಎಂದು ಹಿತವಾಗಿಯೇ ಹೇಳಿದರು. ಸೊಲಾಂಜ್ ಆಗಲಿ ಮದಾಂ ಎಂದಳು. ಅಷ್ಟು ಕಹಿಯಾದದ್ದನ್ನು ಅವಳು ಯಾವ ಬಾಟಲಿಯಿಂದಲೂ ನುಂಗಿರಲಿಲ್ಲ.

ಮೂರು ಗಂಟೆಗೆ ಅವಳು ಹಿತ್ತಲಿನಲ್ಲಿ ಖಾಲಿ ಬಾಟಲಿಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದಳು. ರೆಜೀಸ್ ಬಂದ. ಮದುವೆಯ ಕೋಟನ್ನು ಗಾಡಿಯಲ್ಲಿ ಬಿಟ್ಟು, ತೋಟಕ್ಕೆ ಹೊರಟವನಂತೆ, ಗುರುವಾರ ಗುರುವಾರ ತೊಟ್ಟು ಬರುತ್ತಿದ್ದ ಅದೇ ಹಳೆಯ ಕಂದು ಕೋಟು ಹಾಕಿಕೊಂಡಿದ್ದ. ಅವಳು ತಲೆಯೆತ್ತಲಿಲ್ಲ.

“ಬೂಚು ಕೆಟ್ಟಿತ್ತು,” ಎಂದಳು.

“ನೀವು ಗ್ಲಾಸಿನ ಕಥೆ ಹೇಳಿದಾಗ ಗೊತ್ತಾಯ್ತು. ನೀವು ತೊಳೀದೇ ಇಡೋರಲ್ಲ.”

“ಯಾವಾಗಿಂದ?”

“ಜ್ವರ ಬಂದಾಗಿಂದ. ಎರಡು ವರ್ಷ ಆಯ್ತು. ಡಾಕ್ಟರು ಬರಬಹುದು ಅಂತಾರೆ. ಬರ್ತಾ ಇಲ್ಲ.”

ಅವನು ಜೇಬಿನಿಂದ ಕಾಗದದ ತುಂಡುಗಳ ಒಂದು ಕಟ್ಟು ತೆಗೆದು ಪೆಟ್ಟಿಗೆಯ ಮೇಲೆ ಇಟ್ಟ. ರಬ್ಬರ್ ಸುತ್ತಿತ್ತು, ಅಂಚೆಲ್ಲ ಕೊಳೆಯಾಗಿತ್ತು. ಯಾವ ಪೀಪಾಯಿ ಯಾವಾಗ ತೆಗೆಯಬೇಕು, ಯಾವುದನ್ನು ಯಾವುದಕ್ಕೆ ಸೇರಿಸಬೇಕು ಎಂಬುದನ್ನೆಲ್ಲ ಅದನ್ನು ಓದಿಯೇ ಮಾಡಿದೆ ಎಂದ. ಎರಡು ಸುಗ್ಗಿಯ ವೈನು ನಿಮ್ಮದೇ, ನನ್ನದು ಬರೀ ಮಂಡಿ ನೋವು ಎಂದ. ಸೊಲಾಂಜ್ ಕಟ್ಟನ್ನು ಮುಟ್ಟಲಿಲ್ಲ.

“ಹಾಗಾದ್ರೆ ನೀವು ಬರ್ತಿದ್ದದ್ದು ನನ್ನ ಮೂಗಿಗೆ,” ಎಂದಳು.

ಬೇರೆ ಯಾವ ಗಂಡಸಾಗಿದ್ದರೂ ಇಲ್ಲಿ ಒಂದು ಸುಳ್ಳು ಹೇಳುತ್ತಿದ್ದ, ಅವಳಿಗೂ ಒಂದು ಸುಳ್ಳು ಬೇಕಾಗಿತ್ತು. ರೆಜೀಸ್ ಹೂಂ ಎಂದ. ಸೊಲಾಂಜ್ ಒಂದು ಬಾಟಲಿಯನ್ನು ಪೆಟ್ಟಿಗೆಗೆ ಕುಕ್ಕಿದಳು, ಅದು ಒಡೆಯದೆ ಉಳಿದದ್ದೇ ಹೆಚ್ಚು.

“ಮೊದಮೊದಲು,” ಎಂದು ಅವನು ಸೇರಿಸಿದ.

“ಮೊದಮೊದಲು ಅಂದ್ರೆ ಎಷ್ಟು ದಿನ?”

ಅವನು ನಿಜವಾಗಿಯೂ ಬೆರಳು ಮಡಿಸಿ ಎಣಿಸಿದ. “ಹತ್ತು ತಿಂಗಳು. ಹೋದ ವರ್ಷ ಜನವರಿ ತನಕ.”

“ಜನವರೀಲಿ ಮೂರು ವಾರ ನಾವು ಬಾಗಿಲು ಹಾಕಿರ್ತೀವಿ.”

“ಗೊತ್ತು. ಮೂರು ಗುರುವಾರಾನೂ ಬಂದಿದ್ದೆ. ಬಾಟಲಿ ತಂದಿರಲಿಲ್ಲ. ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು ಹೋದೆ. ಈ ವರ್ಷಾನೂ ಬಂದಿದ್ದೆ.”

“ಮುಚ್ಚಿದ ಬಾಗಿಲ ಮುಂದೆ ನಿಂತು ಏನ್ಮಾಡಿದ್ರಿ?”

“ಏನೂ ಇಲ್ಲ. ಚಳಿ ಇತ್ತು.”

ಸೊಲಾಂಜ್ ಆಗ ಅವನನ್ನು ನೇರವಾಗಿ ನೋಡಿದಳು. ಇಷ್ಟು ಕೆಲಸಕ್ಕೆ ಬಾರದ ಸಂಗತಿಯನ್ನು ಯಾರೂ ಕಟ್ಟಿ ಹೇಳಲಾರರು ಎಂದು ಅವಳಿಗೆ ಅನಿಸಿತು. ಹಾಗಿದ್ದರೆ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಕೇಳಿದಳು. ಅವನು ತಲೆ ತಗ್ಗಿಸಿ, ಒಂದನ್ನು ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು, ಇಂಥ ಮೂಗಿನವರ ಮುಂದೆ ಮೂಗೇ ಇಲ್ಲದವನು ಯಾವ ಮುಖ ಹೊತ್ತು ನಿಲ್ಲುವುದು ಎಂದ. ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆಯ ಸದ್ದು ಪೂರ್ತಿ ನಿಂತುಹೋಗಿತ್ತು. ಜಿಲ್ಬೆರ್ ಉಸಿರು ಬಿಗಿಹಿಡಿದು ಕೇಳುತ್ತಿದ್ದ ಎಂಬುದರಲ್ಲಿ ಅನುಮಾನವಿಲ್ಲ.

“ಆ ಕೋಟು ಬಿಚ್ಚಿ,” ಎಂದಳು ಸೊಲಾಂಜ್.

“ಯಾಕೆ?”

“ಒಗೀಬೇಕು. ನೆಲಮಾಳಿಗೆ ಮುಗ್ಗಲು, ಒದ್ದೆ ನಾಯಿ, ಗಂಧಕ, ಎಲ್ಲ ಸೇರಿ ನಾರ್ತಾ ಇದೆ.”

ರೆಜೀಸ್ ತೋಳನ್ನು ಎತ್ತಿ ಮೂಗಿಗೆ ಒತ್ತಿ ಹಿಡಿದ. ಪಾಪ, ಅಭ್ಯಾಸಬಲ. “ಎಷ್ಟು ದಿನದಿಂದ?” ಎಂದು ಕೇಳಿದ.

“ಎರಡು ವರ್ಷದಿಂದ.”

“ಡಿಸೆಂಬರ್ ಚಳೀಲೂ ನನ್ನ ಪಕ್ಕದ ಕಿಟಕಿ ತೆಗೀತಿದ್ರಲ್ಲ, ಅದಕ್ಕೇನಾ?”

“ಅದಕ್ಕೇ.”

ಅವನು ಕೋಟು ಬಿಚ್ಚುತ್ತಾ ಬಿಚ್ಚುತ್ತಾ ಅರ್ಧದಲ್ಲಿ ನಿಂತ. ಒಂದು ತೋಳು ಒಳಗೆ, ಒಂದು ತೋಳು ಹೊರಗೆ. ನಿಧಾನದ ಮನುಷ್ಯ, ವಿಷಯ ಒಳಗಿಳಿಯಲು ಹೊತ್ತು ಹಿಡಿಯಿತು.

“ಈ ಮೂಗು ಇಟ್ಕೊಂಡು,” ಎಂದ, “ಪ್ರತಿ ಗುರುವಾರ ಅರ್ಧ ಗಂಟೆ ನನ್ನ ಪಕ್ಕ ನಿಂತಿದ್ರಾ?”

“ನಿಂತಿದ್ದೆ,” ಎಂದಳು ಸೊಲಾಂಜ್, ಕೋಟಿಗೆ ಕೈಚಾಚುತ್ತಾ.